ಕೈ ಕಟ್ಟಿಕೊಂಡು ಬೆಳೆಸಿದ ಪುಂಡಿಪಲ್ಯ

ಭೀಮಸೇನರಾಯರ ಕೈಗಳಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಮಿಕ್ಕಂತೆ ಮನುಷ್ಯ ಬಂಗಾರ. ವಿಮಾ ಕಚೇರಿಯಲ್ಲಿ ಅಧಿಕಾರಿ, ಕುಡಿತವಿಲ್ಲ, ಇಸ್ಪೀಟಿಲ್ಲ, ಹೆಂಡತಿ ತಾರಾಳ ಎದುರು ದನಿ ಎತ್ತಿದ ದಾಖಲೆಯೂ ಇಲ್ಲ. ಆದರೆ ಆ ಎರಡು ಕೈಗಳು! ತನ್ನ ಪಾಡಿಗೆ ತಾನು ತಿರುಗುತ್ತಿರುವ ಫ್ಯಾನನ್ನು ಕಂಡರೆ ಅವು ಸ್ಕ್ರೂಡ್ರೈವರ್ ಹುಡುಕುತ್ತಿದ್ದವು. ಕುದಿಯುತ್ತಿರುವ ಸಾರಿನ ಮುಚ್ಚಳ ಎತ್ತಿ ನೋಡದೆ ಅಡುಗೆಮನೆ ದಾಟುತ್ತಿರಲಿಲ್ಲ. ಮನೆಯ ಮಿಕ್ಸರ್ ಅವರ ಕೈಯಲ್ಲಿ ದುರಸ್ತಿಯಾದಂದಿನಿಂದ ಒಂದೇ ವೇಗದಲ್ಲಿ ಅರಚಿಕೊಳ್ಳುತ್ತದೆ. ನಿಲ್ಲಿಸಬೇಕಾದರೆ ಪ್ಲಗ್ಗನ್ನೇ ಕಿತ್ತುಹಾಕಬೇಕು.

ಇಂಥವರಿಗೆ ಮಾವನಾಗಿ ಸಿಕ್ಕವರು ವಿಜಯಪುರದ ವಾದಿರಾಜರಾಯರು, ಅಬಕಾರಿ ಇಲಾಖೆಯ ನಿವೃತ್ತ ಇನ್‌ಸ್ಪೆಕ್ಟರು. ಕಬ್ಬಿನ ಗದ್ದೆಯ ನಡುವೆ ಅಡಗಿಸಿ ಬೆಳೆಸಿದ ಗಾಂಜಾ ಗಿಡವನ್ನು ಓಡುವ ಜೀಪಿನಿಂದಲೇ ಗುರುತಿಸುತ್ತಿದ್ದೆನೆಂದು ಅವರೇ ಹೇಳಿಕೊಳ್ಳುತ್ತಿದ್ದರು. (ಜೀಪಿನಲ್ಲಿ ಜೊತೆಗಿದ್ದವರು ಯಾರೂ ಈಗ ಸಾಕ್ಷಿಗೆ ಸಿಗುವುದಿಲ್ಲ.) ಮದುವೆಯ ಮರುದಿನ, ಅವರು ಜೀವಕ್ಕಿಂತ ಹೆಚ್ಚಾಗಿ ಕಾಪಾಡಿಕೊಂಡಿದ್ದ ಮರ್ಫಿ ರೇಡಿಯೋದ ಗೊರಗೊರ ಸದ್ದನ್ನು ಹೊಸ ಅಳಿಯ 'ಸ್ವಲ್ಪ ಸರಿಮಾಡಿ' ಕೊಟ್ಟಿದ್ದರು. ಗೊರಗೊರ ನಿಂತಿತು. ಅದರೊಂದಿಗೆ ವಾರ್ತೆಯೂ ಹಾಡೂ ನಿಂತವು. ಅಂದಿನಿಂದ ವಾದಿರಾಜರಾಯರು ಅಳಿಯನನ್ನು ನೋಡುವ ಒಂದು ನೋಟವಿದೆ. ಬೈಗುಳಕ್ಕಾದರೂ ಉತ್ತರ ಕೊಡಬಹುದು, ಆ ನೋಟಕ್ಕೆ ಏನು ಕೊಡುವುದು? ಅದನ್ನು ಒಮ್ಮೆ ಬದಲಿಸಬೇಕು ಎಂಬುದೇ ಇಪ್ಪತ್ತು ವರ್ಷಗಳಿಂದ ಭೀಮಸೇನರಾಯರ ಬಾಳಿನ ಏಕೈಕ ಹಂಬಲ.

ಅವಕಾಶ ಫೋನಿನಲ್ಲಿ ಬಂತು. ವರ್ಗವಾಗಿ ವಡೋದರೆಗೆ ಬಂದು, ಮಂಜಲ್‌ಪುರದ ಈ ಫ್ಲ್ಯಾಟಿನಲ್ಲಿ ಮನೆ ಹೂಡಿ ವರ್ಷಗಳೇ ಆಗಿದ್ದರೂ ಮಾವನವರು ಒಮ್ಮೆಯೂ ಇತ್ತ ತಲೆಹಾಕಿರಲಿಲ್ಲ.

"ಅಲ್ಲೆ ಬಂದು ಏನ್ ತಿನ್ನೂದು?" ಎಂದರು ವಾದಿರಾಜರಾಯರು. "ಬ್ಯಾಳ್ಯಾಗ ಬೆಲ್ಲ, ಪಲ್ಯಾದಾಗ ಸಕ್ರಿ. ನನಗ ವಾರಕ್ಕೊಮ್ಮ್ಯರೆ ಪುಂಡಿಪಲ್ಯ ಬೇಕು. ಸಿಗ್ತದೇನು ನಿಮ್ಮ ಗುಜರಾತಿನ್ಯಾಗ?"

ಆ ಹುಳಿಸೊಪ್ಪನ್ನು ಇಲ್ಲಿನ ಸಂತೆಯಲ್ಲಿ ಹುಡುಕಿ ಸೋತಿದ್ದ ಭೀಮಸೇನರಾಯರ ಬಾಯಿಂದ ಮಾತು ತಾನಾಗಿ ಜಾರಿತು. "ಸಂತಿ ಯಾಕ್ರಿ ಮಾವನವರ? ನಮ್ಮ ಮನ್ಯಾಗ ಬೆಳೀತೀನಿ. ನೀವು ಬರ್ರಿ, ಜ್ವಾಳದ ಭಕ್ಕರಿ ಜೋಡಿ ಬಡಸ್ತೀನಿ."

ಆ ಕಡೆಯಿಂದ ಒಂದೇ ಪದ ಬಂತು. "ನೀವು?"

ಆ ಒಂದು 'ನೀವು' ಭೀಮಸೇನರಾಯರ ಎದೆಗೆ ಮುಳ್ಳಿನಂತೆ ನಾಟಿತು. ಅಂದೇ ಕೆಲಸ ಶುರುವಾಯಿತು. ಬಾಲ್ಕನಿಯ ಕುಂಡಗಳಲ್ಲಿ ಏನು ಚಿಗುರಿದರೂ ಕರಿಮೂತಿಯ ಮುಸುವಗಳ ಪಾಲು. ಹಾಗಾಗಿ ಹಿಂದಿನ ಕೋಣೆಯೇ ಹೊಲವಾಗಬೇಕಾಯಿತು. ಅಹಮದಾಬಾದಿಗೆ ಕಚೇರಿ ಕೆಲಸದ ಮೇಲೆ ಹೋದಾಗ ಒಂದು ಪ್ರದರ್ಶನದಲ್ಲಿ ಮಣ್ಣಿಲ್ಲದೆ ಬರೀ ನೀರಿನಲ್ಲಿ ಪಾಲಕ್ ಬೆಳೆಸಿದ್ದನ್ನು ಅವರು ನೋಡಿ ಬಂದಿದ್ದರು. ಬೀಜವನ್ನು ಗೆಳೆಯ ಪ್ರವೀಣ ಕೊಟ್ಟ. ಅವನು ಸೂರತ್ತಿನ ಉಧ್ನಾದಲ್ಲಿ ಉಡುಪಿ ಹೋಟೆಲು ನಡೆಸುವವನು. ಹುರಿಗಡಲೆ ಕಟ್ಟುವಂಥ ಒಂದು ಪೊಟ್ಟಣದಲ್ಲಿ ಬೀಜ ಕಟ್ಟಿ ಕಳಿಸಿದ್ದ.

ಮೊದಲ ಪದ್ಧತಿ ಮಹಾ ವೈಭವದ್ದು. ಕೋಣೆಯ ತುಂಬ ತೂತು ಕೊರೆದ ಬಿಳಿ ಪೈಪುಗಳು, ಅವುಗಳೊಳಗೆ ಹಗಲಿರುಳು ಹರಿಯುವ ನೀರು, ನೀರನ್ನು ಎತ್ತಿ ಕೊಡಲು ಪಂಪು, ಗುಳುಗುಳು ಗಾಳಿ ಊದಲು ಇನ್ನೊಂದು ಪಂಪು, ಮೇಲೆ ನೇರಳೆ ಬಣ್ಣದ ದೀಪಗಳು. ಭೀಮಸೇನರಾಯರ ಕೈಗಳು ಜೀವನದಲ್ಲಿ ಅಷ್ಟು ಸುಖವಾಗಿ ಎಂದೂ ಇದ್ದಿರಲಿಲ್ಲ. ಬೆಳಿಗ್ಗೆ ಒಂದು ಜೋಡಣೆ ಬಿಗಿಮಾಡುವುದು, ಸಂಜೆ ಅದನ್ನೇ ಸಡಿಲಿಸುವುದು. ಪುಂಡಿ ಬೆರಳುದ್ದ ಬಂತು, ಅಲ್ಲಿಗೇ ನಿಂತಿತು. ಕರೆಂಟು ಹೋದರೆ ಸಸಿಗಳು ಬಾಡಿ ಮಲಗುತ್ತಿದ್ದವು. ಬಂದರೆ ಪೈಪಿನ ಯಾವುದೋ ಸಂದಿಯಿಂದ ಕಾರಂಜಿ ಏಳುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಕೆಳಗಿನ ಮನೆಯ ಜಯಂತಿಭಾಯಿ ಬಾಗಿಲು ಬಡಿದರು. ಫ್ಲ್ಯಾಟಿನವರೆಲ್ಲ ಸೇರಿದ ಸೊಸೈಟಿಯ ಚೇರ್ಮನ್ನರು ಅವರೇ. ಮನೆಯ ಹಿಂಚ್ಕೋ, ಅಂದರೆ ತೂಗುಮಂಚದ ಮೇಲೆ ಕೂತು ಚಹಾ ಜೊತೆ ಪತ್ರಿಕೆ ಓದುವುದು ಆ ಮನುಷ್ಯನ ನಿತ್ಯಕರ್ಮ. ಅಂದು ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಕೈಯಲ್ಲಿ ಪತ್ರಿಕೆ ಮುದ್ದೆಯಾಗಿತ್ತು.

"ಭೀಮಸೇನಭಾಯಿ, ಆ ಶುಂ ಛೆ?" ಎಂದರು. ಇದೇನು ಎಂಬ ಪ್ರಶ್ನೆ. ಉತ್ತರ ಅವರ ಮೂಗಿನ ತುದಿಯಿಂದ ಬೀಳುತ್ತಲೇ ಇತ್ತು.

ಅವರು ಹೋದ ಮೇಲೆ ತಾರಾ ಸೆರಗು ಸಿಕ್ಕಿಸಿ ನಿಂತಳು. "ಪಂಪು ಬ್ಯಾಡ, ಪೈಪು ಬ್ಯಾಡ, ಗುಳುಗುಳು ಅನ್ನೂದು ಒಂದೂ ಈ ಮನ್ಯಾಗ ಬ್ಯಾಡ. ಬೆಳೀತಿದ್ರ ಸರಳ ಬೆಳೀರಿ. ಇಲ್ಲಂದ್ರ ಅಪ್ಪಗ ನಾನs ಫೋನ್ ಮಾಡಿ ಹೇಳ್ತೀನಿ, ನಿಮ್ಮ ಅಳ್ಯಾ ಪುಂಡಿ ಅಲ್ಲ, ಪಾಚಿ ಬೆಳಸ್ಯಾನಂತ."

ಸರಳ ಪದ್ಧತಿ ಇತ್ತು. ಮೊಬೈಲಿನಲ್ಲಿ ಹುಡುಕಿದರೆ ಸಿಕ್ಕಿತು. ಬಕೀಟಿನ ತುಂಬ ಒಮ್ಮೆ ನೀರು, ಅದಕ್ಕೊಂದಿಷ್ಟು ಗೊಬ್ಬರ, ಮುಚ್ಚಳಕ್ಕೊಂದು ತೂತು, ತೂತಿನಲ್ಲಿ ಜಾಳಿಗೆಯ ಬಟ್ಟಲು, ಬಟ್ಟಲಲ್ಲಿ ಸಸಿ. ಮುಗಿಯಿತು. ಬೇರು ನೀರು ಕುಡಿದಂತೆಲ್ಲ ನೀರು ಕೆಳಗಿಳಿಯುತ್ತದೆ, ಮೇಲೆ ಖಾಲಿಯಾದ ಜಾಗದಲ್ಲಿ ಬೇರು ಉಸಿರಾಡುತ್ತದೆ. ಪ್ರೀತಿ ಉಕ್ಕಿ ಮತ್ತೆ ನೀರು ತುಂಬಿಸಿದರೆ ಉಸಿರಾಡುವ ಬೇರು ಮುಳುಗಿ ಸಾಯುತ್ತದೆ. ಆದ್ದರಿಂದ ಬೆಳೆಗಾರನ ಪರಮ ಕರ್ತವ್ಯ ಒಂದೇ: ಏನೂ ಮಾಡದೆ ಇರುವುದು.

"ಇದು ನಿಮ್ಮನ್ನ ನೋಡೇ ಮಾಡಿದ ಶಿಕ್ಷಾ ಇದ್ದಂಗದ," ಎಂದಳು ತಾರಾ.

"ಏನೂ ಮಾಡದೆ ಇರೂದು ಏನ್ ದೊಡ್ಡ ಕೆಲಸ?" ಎಂದರು ಭೀಮಸೇನರಾಯರು.

ಎಷ್ಟು ದೊಡ್ಡ ಕೆಲಸವೆಂದು ಮೊದಲ ವಾರದಲ್ಲೇ ಗೊತ್ತಾಯಿತು. ಮುಚ್ಚಳ ಎತ್ತಿ ಇಣುಕಿದರು. ನೀರು ಇಳಿದಿತ್ತು. ಇಳಿಯಬೇಕಾದದ್ದೇ, ಅದು ಬುದ್ಧಿಗೆ ಗೊತ್ತು. ಕೈಗೆ ಯಾರು ಹೇಳುವವರು? ತಂಬಿಗೆ ತಾನಾಗಿ ಬಂದು ಕೈ ಸೇರಿತು. 'ಒಂದೇ ತಂಬಿಗೆ' ಎಂದುಕೊಂಡು ಎಲ್ಲ ಬಕೀಟಿಗೂ ಕಂಠಮಟ್ಟ ನೀರು ತುಂಬಿಸಿದರು. ಸಸಿಗಳು ಹಳದಿಗಟ್ಟಿ ಸತ್ತವು. ತಾರಾ ಮಿಕ್ಕ ಬೀಜಗಳನ್ನು ತಾನೇ ಮೊಳಕೆ ಬರಿಸಿ, ತಾನೇ ಬಟ್ಟಲಲ್ಲಿ ಕೂರಿಸಿ, ದೀಪ ಹಚ್ಚಿ, ಕೋಣೆಯ ಬಾಗಿಲಿಗೆ ಬೀಗ ಹಾಕಿ, ಕೀಲಿಕೈಯನ್ನು ಮಂಗಳಸೂತ್ರದ ಪಿನ್ನಿಗೆ ಸಿಕ್ಕಿಸಿಕೊಂಡಳು.

"ಅಪ್ಪ ಬಂದ ದಿನ ತೆಗೀತೀನಿ. ಅಲ್ಲೀ ತನಕ ನೀವು ಆ ಕಡೆ ಹಾಯಂಗಿಲ್ಲ."

ಸ್ವಂತ ಮನೆಯಲ್ಲಿ, ಸ್ವಂತ ಪುಂಡಿಗೆ ಪರಕೀಯನಾದ ಗಂಡಸಿನ ಪಾಡನ್ನು ಏನೆಂದು ಹೇಳುವುದು? ಕಚೇರಿಯಲ್ಲಿ ಕೂತರೆ ಬಕೀಟು ಕಣ್ಣ ಮುಂದೆ. ಊಟಕ್ಕೆ ಕೂತರೆ ಬೇರಿನ ಚಿಂತೆ. ಬಾಗಿಲಿಗೆ ಕಿವಿ ಹಚ್ಚಿ ನಿಲ್ಲುತ್ತಿದ್ದರು. (ಪುಂಡಿ ಬೆಳೆಯುವ ಸದ್ದು ಕೇಳುವುದಿಲ್ಲವೆಂದು ಅವರಿಗೂ ಗೊತ್ತಿತ್ತು.) ಕೊನೆಗೆ ಒಂದು ಉಪಾಯ ಹೊಳೆಯಿತು. ಕೋಣೆಯ ಕಿಟಕಿ ಕೆಳಗಿನ ವಾಹನ ನಿಲ್ಲಿಸುವ ಜಾಗಕ್ಕೆ ಮುಖ ಮಾಡಿತ್ತು. ದಿನಾ ಸಂಜೆ ಆಫೀಸಿನಿಂದ ಬಂದವರೇ ಸ್ಕೂಟರ್ ನಿಲ್ಲಿಸಿ, ಕತ್ತೆತ್ತಿ, ಆ ನೇರಳೆ ಬೆಳಕಿನ ಕಿಟಕಿಯನ್ನು ನೋಡುತ್ತ ನಿಲ್ಲತೊಡಗಿದರು. ಒಂದು ದಿನ ಗಾಜಿನಾಚೆ ಹಸಿರು ಕಂಡಿತು. ಇನ್ನೊಂದು ದಿನ ಎಲೆಗಳು ಗಾಜಿಗೆ ಅಂಗೈ ಒತ್ತಿ ನಿಂತಿದ್ದವು. ಭೀಮಸೇನರಾಯರ ಕಣ್ಣಲ್ಲಿ ನೀರು ಬಂತು. ಕೈ ಮಾತ್ರ ತುರಿಸುತ್ತಲೇ ಇತ್ತು.

ದಿನವೂ ಒಬ್ಬ ಮನುಷ್ಯ ಒಂದೇ ಜಾಗದಲ್ಲಿ ನಿಂತು ಮೇಲೆ ನೋಡಿದರೆ ಮಿಕ್ಕವರು ನೋಡದೆ ಇರುತ್ತಾರೆಯೇ? ಹಾಲು ತರಲು ಹೋದವರು ನೋಡಿದರು, ವಾಕಿಂಗ್ ಹೋದವರು ನೋಡಿದರು. ಯಾರೋ ಫೋಟೋ ತೆಗೆದು ಸೊಸೈಟಿಯ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಕೆಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ. ಅದರ ಕೆಳಗೆ ಇನ್ನೂ ಆರೇಳು.

ಮಾವನವರು ಬರುವ ದಿನವೇ ಮಗಳು ಮೇದಿನಿ ಅದನ್ನು ಅಪ್ಪನಿಗೆ ತೋರಿಸಿದಳು. ಕಾಲೇಜಿನ ಹುಡುಗಿ, ಹುಟ್ಟು ವಿಜಯಪುರದ್ದಾದರೂ ಮಾತು ಮಂಜಲ್‌ಪುರದ್ದು. "ಪಪ್ಪಾ, ದೇಖೋ, ಈ ಲೀಫ್ ಬಿಲ್ಕುಲ್ ಗಾಂಜಾ ಥರಾ ಇದೆ! ಸೇಮ್ ಟು ಸೇಮ್!" ಎಂದು ಮೊಬೈಲಿನಲ್ಲಿ ಒಂದರ ಪಕ್ಕ ಒಂದು ಚಿತ್ರ ಇಟ್ಟು ನಕ್ಕಳು. ಆಮೇಲೆ ಅಜ್ಜನನ್ನು ಕರೆತರಲು ಅಮ್ಮನ ಜೊತೆ ಆಟೋ ಹತ್ತಿ ಸ್ಟೇಷನ್ನಿಗೆ ಹೋದಳು.

ಮನೆಯಲ್ಲಿ ಉಳಿದವರು ಭೀಮಸೇನರಾಯರು ಮತ್ತು ಆ ಎರಡು ಚಿತ್ರ. ಐದು ಬೆರಳಿನ ಎಲೆ, ಅಂಚಿಗೆ ಗರಗಸದ ಹಲ್ಲು. ಇಲ್ಲಿಯೂ ಐದು, ಅಲ್ಲಿಯೂ ಐದು. ಇಲ್ಲಿಯೂ ಹಲ್ಲು, ಅಲ್ಲಿಯೂ ಹಲ್ಲು. ಅವಳಿ ಮಕ್ಕಳಂತಿದ್ದವು. ನಗಬೇಕೆಂದು ನೋಡಿದರು, ನಗು ಬರಲಿಲ್ಲ. ಪುಂಡಿಯ ಎಲೆ ನಿಜವಾಗಿ ಹೇಗಿರುತ್ತದೆ? ನೆನಪಿಗೆ ಬಂದದ್ದು ಬೆಳ್ಳುಳ್ಳಿ ಒಗ್ಗರಣೆ ಬಿದ್ದ, ನುಚ್ಚು ಬೆರೆತ, ತಟ್ಟೆಯ ಮೇಲಿನ ಪುಂಡಿ. ಗಿಡದ ಮೇಲಿನ ಪುಂಡಿ ನೆನಪಿಗೆ ಬರಲೇ ಇಲ್ಲ. ಸಣ್ಣವರಿದ್ದಾಗ ಅವ್ವ ಸೋಸುತ್ತಿದ್ದಳು, ಮದುವೆಯಾದ ಮೇಲೆ ತಾರಾ ಸೋಸುತ್ತಿದ್ದಳು. ಜೀವಮಾನವೆಲ್ಲ ಪುಂಡಿ ತಿಂದ ಗಂಡಸು ಒಮ್ಮೆಯಾದರೂ ಒಂದು ಎಲೆ ಬಿಡಿಸಿದ್ದರೆ ತಾನೆ!

ಪ್ರವೀಣನಿಗೆ ಫೋನ್ ಮಾಡಿದರು. "ಏ ಪ್ರವೀಣ, ಆ ಬೀಜ ಯಾವುವಪಾ?"

"ಎಂತ ಬೀಜವೋ ನಂಗೆಂತ ಗೊತ್ತುಂಟು ಮಾರಾಯ್ರೆ? ನೀವು ಪುಂಡಿ ಪುಂಡಿ ಅಂತ ಕೇಳಿದ್ರಿ. ರಾಯಚೂರು ಬದಿಯವ ಒಬ್ಬ ಊಟಕ್ಕೆ ಬರ್ತಿದ್ದ, ಅವ ಕೊಟ್ಟ, ನಾನು ನಿಮಗೆ ಕೊಟ್ಟೆ."

"ಅಂವಾ ಈಗ ಎಲ್ಲಿದ್ದಾನ?"

"ಅವನಾ? ಅವ ಒಂದು ದಿನ ಇದ್ದಕ್ಕಿದ್ದ ಹಾಗೆ ಕಾಣೆ. ಎಲ್ಲಿಗೆ ಹೋದನೋ ಏನೋ. ಯಾಕೆ, ಚಿಗುರ್ಲಿಲ್ವಾ?"

ಭೀಮಸೇನರಾಯರ ಅಂಗಿ ಬೆನ್ನಿಗೆ ಅಂಟಿಕೊಂಡಿತು. ತಾರಾಳಿಗೆ ಫೋನ್ ಹಚ್ಚಿದರೆ ಸ್ಟೇಷನ್ನಿನ ಗದ್ದಲದ ನಡುವೆ "ಗಾಡಿ ಬಂತು, ಇಡ್ರಿ" ಎಂದು ಕಟ್ ಆಯಿತು. ಅದೇ ಗಳಿಗೆಗೆ ಮೊಬೈಲು ಟಿಣ್ ಎಂದಿತು. ಜಯಂತಿಭಾಯಿಯ ಸಂದೇಶ: 'ಭೀಮಸೇನಭಾಯಿ, ನಿಮ್ಮ ಗಿಡದ ವಿಷಯ. ಐದು ಗಂಟೆಗೆ ಕಮಿಟಿ ನಿಮ್ಮ ಮನೆಗೆ ಬರುತ್ತದೆ. ಎಲ್ಲೂ ಹೋಗಬೇಡಿ.'

ಎಲ್ಲೂ ಹೋಗಬೇಡಿ! ಆ ಮಾತನ್ನು ಪೊಲೀಸರಲ್ಲದೆ ಇನ್ಯಾರು ಹೇಳುತ್ತಾರೆ? ಭೀಮಸೇನರಾಯರ ಕಣ್ಣ ಮುಂದೆ ಇಡೀ ದೃಶ್ಯ ನಡೆದುಹೋಯಿತು. ಮನೆ ತುಂಬ ಕಮಿಟಿ, ಬಾಗಿಲಲ್ಲಿ ಪೇದೆ, ನಡುವೆ ಕೈಕೋಳ ತೊಟ್ಟ ತಾವು. ಸರಿಯಾಗಿ ಆಗ ಒಳಗೆ ಕಾಲಿಡುವ ನಿವೃತ್ತ ಅಬಕಾರಿ ಇನ್‌ಸ್ಪೆಕ್ಟರು. ಕೈಕೋಳವನ್ನು ಸಹಿಸಬಹುದಿತ್ತು. ಆ ನೋಟವನ್ನು ಸಹಿಸುವುದು ಹೇಗೆ?

ಕೀಲಿಕೈ ತಾರಾಳ ಕೊರಳಲ್ಲಿ ಸ್ಟೇಷನ್ನಿಗೆ ಹೋಗಿತ್ತು. ಚಿಂತೆಯಿಲ್ಲ, ಸ್ಕ್ರೂಡ್ರೈವರ್ ಇತ್ತು. ಬೀಗ, ಕೊಂಡಿ, ಚಿಲಕ ಮೂರೂ ಬೇರೆ ಬೇರೆಯಾಗಿ ನೆಲದ ಮೇಲೆ ಬಿದ್ದವು. ಆ ಕೈಗಳು ಜೀವನದಲ್ಲಿ ಮೊದಲ ಸಲ ಹಿಡಿದ ಕೆಲಸವನ್ನು ಒಂದೇ ಏಟಿಗೆ ಪೂರ್ತಿ ಮಾಡಿದ್ದವು. ಬಾಗಿಲು ತೆರೆದರು. ಎದೆಮಟ್ಟದ ಗಿಡಗಳು, ಕೆಂಪು ದಂಟು, ಮಿರಿಮಿರಿ ಎಲೆ. ಎಷ್ಟು ಚೆಂದ ಬೆಳೆದಿದ್ದವು! ಮರುಕ್ಷಣ ಬುಡಸಮೇತ ಕೀಳತೊಡಗಿದರು.

ಕಿತ್ತದ್ದನ್ನು ಎಲ್ಲಿ ಹಾಕುವುದು? ಕಕ್ಕಸಿಗೆ ಹಾಕಿದರೆ ಜಯಂತಿಭಾಯಿಯ ಮನೆಯಲ್ಲಿ ಮೇಲೆದ್ದೀತು. ಕಸದ ಬುಟ್ಟಿಯನ್ನು ಕಮಿಟಿಯವರೇ ಹಸಿ-ಒಣ ಎಂದು ಕೆದಕಿ ನೋಡುತ್ತಾರೆ. ಆಗ ಗೇಟಿನ ಆಚೆ ದಿನಾ ನಿಲ್ಲುವ ಆಕಳುಗಳ ನೆನಪಾಯಿತು. ಜನ ಅಲ್ಲಿ ಹಸಿರು ಹುಲ್ಲಿನ ಕಟ್ಟು ಕೊಂಡು ಅವಕ್ಕೆ ತಿನ್ನಿಸಿ, ಕೈಮುಗಿದು, ಪುಣ್ಯ ಕಟ್ಟಿಕೊಂಡು ಹೋಗುವುದು ನಿತ್ಯದ ನೋಟ. ಇನ್ನೊಂದು ಕಟ್ಟನ್ನು ಯಾರು ಗಮನಿಸುತ್ತಾರೆ? ಗಿಡಗಳನ್ನೆಲ್ಲ ಹಾಸಿಗೆಯ ಚಾದರದಲ್ಲಿ ಗಂಟು ಕಟ್ಟಿ, ಹೆಗಲಿಗೇರಿಸಿ, ಮೆಟ್ಟಿಲಿಳಿದು ಓಡಿದರು.

ಬಿಳಿ ಆಕಳೊಂದು ಮೂಸಿ ನೋಡಿತು. ತಿಂದಿತು. ಕಣ್ಣು ಅರೆಮುಚ್ಚಿ ಮತ್ತೆ ತಿಂದಿತು. (ಅರೆಮುಚ್ಚಿದ ಆ ಕಣ್ಣು ಕಂಡು ಭೀಮಸೇನರಾಯರಿಗೆ ಇದು ಗಾಂಜಾವೇ ಎಂಬುದು ಖಾತ್ರಿಯಾಯಿತು.) "ಲಗೂ ತಿನ್ನವ್ವಾ, ಲಗೂ ತಿನ್ನು," ಎಂದು ದಂಟು ಮುರಿಮುರಿದು ಬಾಯಿಗೆ ತುರುಕಿದರು. ಕೊನೆಯ ಗಿಡ ಅರ್ಧ ಒಳಗೆ, ಅರ್ಧ ಹೊರಗೆ ಇದ್ದಾಗ ಹಿಂದೆ ಬರುತ್ತಿದ್ದ ಆಟೋದೊಳಗಿಂದ ಕೂಗು ಕೇಳಿತು.

"ನಿಲ್ಲಸಪಾ, ನಿಲ್ಲಸು! ಪುಂಡಿ! ಅದು ಪುಂಡಿ ಅದ!"

ವಾದಿರಾಜರಾಯರು ಓಡುವ ಆಟೋದಿಂದಲೇ ಗುರುತಿಸಿದ್ದರು. ಇಳಿದು ಬಂದು, ನೆಲಕ್ಕೆ ಬಿದ್ದಿದ್ದ ಒಂದು ಎಲೆ ಎತ್ತಿ, ಧೋತರಕ್ಕೆ ಒರೆಸಿ, ನಾಲಿಗೆಯ ಮೇಲಿಟ್ಟರು. ಮುಖ ಹುಳಿಗೆ ಒಮ್ಮೆ ಕಿವುಚಿ, ಆಮೇಲೆ ಅರಳಿತು. "ಏನ್ ಛಲೋ ಪುಂಡಿ ಅದರೀ! ವಿಜಾಪುರದಾಗ ಸೈತ ಇಂಥಾದ್ದು ಸಿಗಂಗಿಲ್ಲ." ಆಗ ಆಕಳ ಬಾಯಿಂದ ಹೊರಚಾಚಿದ ದಂಟನ್ನೂ, ಅದನ್ನು ಒಳಗೆ ತಳ್ಳುತ್ತಿದ್ದ ಅಳಿಯನ ಕೈಯನ್ನೂ ಕಂಡರು. "ಭೀಮಸೇನರಾವ್, ಎತ್ತಿಟ್ಟೀರಿಲ್ಲೊ ನನ್ನ ಪಾಲಿಂದು?"

ಆಕಳು ಕೊನೆಯ ಎಲೆಯನ್ನು ನುಂಗಿ ಮೂತಿ ನೆಕ್ಕಿಕೊಂಡಿತು.

"ಅಯ್ಯ, ನನ್ನ ಕರ್ಮವೇ!" ಎಂದು ತಾರಾ ಆಟೋದಲ್ಲೇ ಹಣೆ ಹಿಡಿದುಕೊಂಡಳು. ಅಷ್ಟರಲ್ಲಿ ಗೇಟಿನೊಳಗಿಂದ ಕಮಿಟಿ ಮೆರವಣಿಗೆಯಲ್ಲಿ ಬಂತು. ಮುಂದೆ ಜಯಂತಿಭಾಯಿ, ಪಕ್ಕದಲ್ಲಿ ಅವರ ಹೆಂಡತಿ ಭಾನುಬೆನ್, ಆಕೆಯ ಕೈಯಲ್ಲಿ ಒಂದು ಖಾಲಿ ಸ್ಟೀಲಿನ ಪಾತ್ರೆ. ಪೇದೆ ಇರಲಿಲ್ಲ.

"ಎಲ್ಲೂ ಹೋಗಬೇಡಿ ಅಂದಿದ್ದೆನಲ್ಲ, ಭೀಮಸೇನಭಾಯಿ!" ಎಂದರು ಜಯಂತಿಭಾಯಿ. (ಹಿಂದಿ, ಗುಜರಾತಿ ಬೆರಸಿ ಅಂದದ್ದರ ಕನ್ನಡವಿದು.) "ಫೋಟೋ ನೋಡಿ ನಾನೂ ಗಾಬರಿಯಾಗಿದ್ದೆ. ಇವಳು ಬೈದಳು. ಇವಳ ಊರು ಸೂರತ್ತಿನ ಆಚೆ. ಇದು ಅಂಬಾಡಿ, ಹುಳಿ ಸೊಪ್ಪು, ಸಣ್ಣವಳಿದ್ದಾಗ ತಿಂದದ್ದು ಅಂತಾಳೆ. ಒಂದು ಹಿಡಿ ಕೇಳೋಣ ಅಂತ ಬಂದೆವು. ಮತ್ತೆ ನೀರು ಸೋರದ ಆ ಹೊಸ ಪದ್ಧತಿ ಕಮಿಟಿಗೂ ಹೇಳಿಕೊಡಿ, ಸೊಸೈಟಿಯ ತಾರಸಿ ಮೇಲೆ ಎಲ್ಲರೂ ಬೆಳೆಯೋಣ."

ಭಾನುಬೆನ್ ಖಾಲಿ ಪಾತ್ರೆ ಹಿಡಿದು ಆಸೆಯಿಂದ ಚಾದರದ ಒಳಗೆ ಇಣುಕಿದಳು. ಒಳಗೆ ನಾಲ್ಕು ಒದ್ದೆ ಬೇರು ಇದ್ದವು. ಭೀಮಸೇನರಾಯರಿಗೆ ಆ ಚಾದರವನ್ನೇ ಹೊದ್ದು ಮಲಗಿಬಿಡೋಣ ಅನ್ನಿಸಿತು.

ಅಂದು ಭಕ್ಕರಿಯ ಜೊತೆ ಬಡಿಸಿದ್ದು ಭಾನುಬೆನ್ ಕನಿಕರಪಟ್ಟು ಕಳಿಸಿದ ಬೇಳೆ. ಅದಕ್ಕೆ ಬೆಲ್ಲ ಧಾರಾಳವಾಗಿ ಬಿದ್ದಿತ್ತು. ವಾದಿರಾಜರಾಯರು ಉಂಡು, ಕೈ ತೊಳೆದು ಬಂದು ತಮ್ಮ ಚೀಲ ಬಿಚ್ಚಿದರು. ಪಂಚೆ, ಉಪರಣೆಗಳ ನಡುವೆ ಟವೆಲಿನಲ್ಲಿ ಜೋಪಾನವಾಗಿ ಸುತ್ತಿದ ಒಂದು ವಸ್ತು ಇತ್ತು. ಬಿಚ್ಚಿದರೆ ಆ ಮರ್ಫಿ ರೇಡಿಯೋ.

"ತಾರಾ ಫೋನಿನ್ಯಾಗ ಹೇಳಿದ್ಲು, ಅಳಿಯಂದ್ರು ಗಿಡಾ ಮುಟ್ಟಲಾರದ ಬೆಳಸ್ಲಿಕ್ಹತ್ತ್ಯಾರ ಅಂತ," ಎಂದರು ಮೆಲ್ಲಗೆ. "ಈ ಮನುಷ್ಯಾ ಕೈ ಕಟ್ಟಿ ಕೂಡೂದು ಕಲ್ತಾನಂದ್ರ ಇನ್ನೊಮ್ಮೆ ನಂಬಬೇಕು ಅನಿಸ್ತು. ರಿಪೇರಿಗೆ ನಿಮ್ಮ ಕೈಯಾಗs ಕೊಡಬೇಕಂತ ತಂದಿದ್ದೆ."

ಭೀಮಸೇನರಾಯರು ಇಪ್ಪತ್ತು ವರ್ಷ ಕಾದ ಮಾತು ಅದು, ಬರಬಾರದ ದಿನ ಬಂದಿತ್ತು. ಏನಾದರೂ ಹೇಳಬೇಕೆಂದು ಬಾಯಿ ತೆರೆದರು. ಬಾಯಿಗಿಂತ ಮೊದಲು ಕೈ ಮುಂದೆ ಹೋಗಿ ರೇಡಿಯೋದ ಹಿಂದಿನ ಸ್ಕ್ರೂವನ್ನು ತಡವುತ್ತಿತ್ತು.

ವಾದಿರಾಜರಾಯರು ರೇಡಿಯೋವನ್ನು ಎದೆಗೆ ಅವಚಿಕೊಂಡು ಎದ್ದರು. "ತಾರಾ, ಇದನ್ನ ಆ ಬೀಗ ಹಾಕೂ ಕೋಣ್ಯಾಗ ಇಡವ್ವಾ."

"ಬೀಗ ಎಲ್ಲದ ಅಪ್ಪಾ?" ಎಂದಳು ತಾರಾ. ನೆಲದ ಮೇಲೆ ಬೀಗ, ಕೊಂಡಿ, ಚಿಲಕ ಮೂರೂ ಬಿದ್ದಲ್ಲೇ ಬಿದ್ದಿದ್ದವು. ಮತ್ತೆ ಜೋಡಿಸಲು ಭೀಮಸೇನರಾಯರು ಸಂಜೆಯಿಂದ ಪ್ರಯತ್ನಪಟ್ಟಿದ್ದರು. ಒಂದು ಸ್ಕ್ರೂ ಹೆಚ್ಚಾಗಿ ಉಳಿಯುತ್ತಿತ್ತು.

ವಾದಿರಾಜರಾಯರು ಮಂಜಲ್‌ಪುರದಲ್ಲಿ ಇದ್ದಷ್ಟು ದಿನವೂ ಆ ರೇಡಿಯೋವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಸ್ನಾನಕ್ಕೆ ಹೋಗುವಾಗ ಮಾತ್ರ ಕೆಳಗಿನ ಮನೆಗೆ ಹೋಗಿ ಜಯಂತಿಭಾಯಿಯ ತೂಗುಮಂಚದ ಮೇಲೆ ಇಟ್ಟು ಬರುತ್ತಿದ್ದರು.